ಹಗುರ ಲೋಹವೂ ಹದವಾದ ಬಿಸಿಯೂ

ಶಾಲೆಯ ಪ್ರಯೋಗಶಾಲೆಯಲ್ಲಿ ಮೆಗ್ನೀಷಿಯಂ ಪಟ್ಟಿಯು ಕಣ್ಣು ಕೋರೈಸುವ ಬೆಳಕಿನಿಂದ ಉರಿಯುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಈ ಲೋಹವು ಬಹು ಹಗುರವಾದುದು. ಒಂದು ಘನ ಸೆಂಟಿಮೀಟರ್ ಕಬ್ಬಿಣವು 7.87 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಮೆಗ್ನೀಷಿಯಂ 1.74 ಗ್ರಾಂ ಮಾತ್ರ. ವಾಹನದ ಭಾಗಗಳು ಹಗುರವಾದಷ್ಟೂ ಇಂಧನವು ಉಳಿಯುತ್ತದೆ. ಆದರೆ ಶುದ್ಧ ಮೆಗ್ನೀಷಿಯಂ ಮೆದು, ಬೇಗನೆ ಸವೆಯುತ್ತದೆ. ಆದುದರಿಂದ ಅದರ ಹುಡಿಗೆ ಸಿಲಿಕಾನ್ ಕಾರ್ಬೈಡಿನಂತಹ ಕಠಿನವಾದ ಸಿರಾಮಿಕ್ ಹುಡಿಯನ್ನು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಹೊತ್ತಿಕೊಳ್ಳದಂತೆ ಗಾಳಿಯಿಂದ ದೂರವಿರಿಸಿ ಕಾಯಿಸಿ, ಗಟ್ಟಿಯಾಗಿಸುವರು.

ಹೀಗೆ ಗಟ್ಟಿಯಾದುದಕ್ಕೆ ಬೇಕಾದ ಆಕಾರವನ್ನು ಕೊಡುವುದು ಹೇಗೆ? ನಮ್ಮ ಮನೆಯ ಅಕ್ಕಿರೊಟ್ಟಿಯನ್ನು ನೆನೆಯೋಣ. ಕುದಿನೀರಿನಲ್ಲಿ ಕಲಸಿದ ಹಿಟ್ಟು ಬಿಸಿಯಿರುವಾಗ ಮಣಿಯುತ್ತದೆ. ಆರಿದ ಮೇಲೆ ತಟ್ಟಿದರೆ ಅಂಚು ಬಿರಿಯುತ್ತದೆ. ಸೇರಿಸಿದ ತೆಂಗಿನ ತುರಿ ಒರಟಾಗಿದ್ದರೆ ಬಿರುಕು ಇನ್ನೂ ಬೇಗ. ಲೋಹದಲ್ಲಿ ಕಾರಣ ಬೇರೆ, ಪಾಠ ಒಂದೇ. ಮೆಗ್ನೀಷಿಯಂ ಹರಳಿನಲ್ಲಿ ಪರಮಾಣುಗಳು ಷಟ್ಕೋನಾಕೃತಿಯಲ್ಲಿ ಜೋಡಣೆಗೊಂಡಿವೆ. ತಣ್ಣಗಿರುವಾಗ ಅವುಗಳ ಪದರಗಳು ಮುಖ್ಯವಾಗಿ ಒಂದೇ ತಲದಲ್ಲಿ ಜಾರಬಲ್ಲವು. ಸುಮಾರು 225 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬೇರೆ ತಲಗಳಲ್ಲಿಯೂ ಜಾರುವಿಕೆ ಸುಲಭವಾಗುತ್ತದೆ. ಸಿರಾಮಿಕ್ ಕಣವಾದರೋ ಮಣಿಯುವುದೇ ಇಲ್ಲ. ಲೋಹವೇ ಅದನ್ನು ಬಳಸಿಕೊಂಡು ಸರಿಯಬೇಕು. ಅವಸರದಿಂದ ಒತ್ತಿದರೆ ಕಣದ ಬಳಿ ಸೂಕ್ಷ್ಮವಾದ ಪೊಳ್ಳು ಉಂಟಾಗುತ್ತದೆ. ಹೊರಗೆ ನುಣುಪಾಗಿ ಕಾಣುವ ಭಾಗವು ಒಳಗೆ ಬಿರಿದಿದ್ದು, ಓಡುವ ವಾಹನದಲ್ಲಿ ಮುರಿದರೆ ಪ್ರಾಣಕ್ಕೇ ಅಪಾಯ. ಹಾಗೆಂದು ಮಿತಿಮೀರಿ ಕಾಯಿಸಿದರೆ ಹರಳುಗಳು ದೊಡ್ಡವಾಗಿ ಬಲವು ಕುಗ್ಗುತ್ತದೆ. 650 ಡಿಗ್ರಿಯಲ್ಲಿ ಮೆಗ್ನೀಷಿಯಂ ಕರಗಿಯೇ ಹೋಗುತ್ತದೆ.

ಹಾಗಾದರೆ ಹದವನ್ನು ಅರಿಯುವುದೆಂತು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವೈ. ವಿ. ಆರ್. ಕೆ. ಪ್ರಸಾದ್ ಅವರು ಅಮೆರಿಕದ ಸಂಶೋಧಕರೊಡಗೂಡಿ 1984ರಲ್ಲಿ ಇದಕ್ಕೊಂದು ಮಾರ್ಗವನ್ನು ಪ್ರಕಟಿಸಿದರು. ಲೋಹದ ಸಣ್ಣ ತುಂಡುಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ, ಬೇರೆ ಬೇರೆ ವೇಗದಲ್ಲಿ ಅಮುಕಿ, ತಗಲಿದ ಬಲವನ್ನು ಅಳೆದು, ಭೂಪಟದಂತಹ ನಕ್ಷೆಯನ್ನು ರಚಿಸುವುದೇ ಆ ಮಾರ್ಗ. ಯಾವ ಬಿಸಿಯಲ್ಲಿ, ಯಾವ ವೇಗದಲ್ಲಿ ಒತ್ತಿದರೆ ಕ್ಷೇಮ, ಎಲ್ಲಿ ಬಿರುಕಿನ ಭಯ ಎಂಬುದನ್ನು ಅದು ತೋರಿಸುತ್ತದೆ. ಮೊದಲು ಟೈಟಾನಿಯಂ ಮಿಶ್ರಲೋಹಕ್ಕಾಗಿ ರಚಿತವಾದ ಈ ನಕ್ಷೆಯು ಅನಂತರ ಮೆಗ್ನೀಷಿಯಂ ಮತ್ತು ಅದರ ಸಿರಾಮಿಕ್ ಮಿಶ್ರಣಗಳಿಗೂ ಉಪಯೋಗಕ್ಕೆ ಬಂದಿತು.

ರೊಟ್ಟಿಯ ಹದವು ತಾಯಿಯ ಕೈಗೆ ತಿಳಿಯುತ್ತದೆ. ಕಾದ ಲೋಹವನ್ನು ಮುಟ್ಟಿ ನೋಡುವಂತಿಲ್ಲ. ಅಲ್ಲಿ ಅಳತೆಯೇ ನಮಗೆ ಆಧಾರ. ವಿದ್ಯಾರ್ಥಿಗಳು ಮುಂದಿನ ಸಲ ಮನೆಯಲ್ಲಿ ರೊಟ್ಟಿ ತಟ್ಟುವಾಗ ಹಿಟ್ಟು ಎಷ್ಟು ಹೊತ್ತಿಗೆ ಬಿರಿಯತೊಡಗಿತೆಂಬುದನ್ನು ಗಮನಿಸಿ ಬರೆದಿಡಲಿ. ಲೋಹಶಾಸ್ತ್ರದ ಅಭ್ಯಾಸಕ್ಕೆ ಅದೇ ಒಳ್ಳೆಯ ಆರಂಭವೆಂದು ನಾವು ನಂಬುತ್ತೇವೆ.