ಯತೀಮನ ಸೊತ್ತು, ಗೆದ್ದವನ ಸೇನೆ

ಯುದ್ಧ ಮುಗಿದ ನಾಡನ್ನು ಮತ್ತೆ ಕಟ್ಟಲು ಗೆದ್ದವರ ಸೇನೆ ಅಲ್ಲಿಯೇ ಉಳಿಯಬೇಕೇ? ಇರಾಕ್, ಅಫ್ಘಾನಿಸ್ತಾನಗಳ ವಿಷಯ ಬಂದಾಗ ಏಳುವ ಈ ಪ್ರಶ್ನೆಗೆ ನಮ್ಮ ಸೀಮೆಯ ಇತಿಹಾಸದಲ್ಲೇ ಪಾಠವಿದೆ.

1799ರ ಮೇ 4ರಂದು ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಶಹೀದರಾದರು. ಅವರ ತಂದೆ ಹೈದರ್ ಅಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. ಅಜ್ಜ ಫತೇಹ್ ಮುಹಮ್ಮದರ ಗೋರಿ ಇರುವುದು ಕೋಲಾರದಲ್ಲಿ. ಗೆದ್ದ ಇಂಗ್ಲಿಷರು, ತಂದೆಯಿಲ್ಲದ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಿದರು. ನಾಡಿನ ರಕ್ಷಣೆಗೆಂದು ಕಂಪೆನಿಯ ಸೇನೆ ಉಳಿಯಿತು. ಅದರ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು. ಹಣ ಬಾರದೆಂಬ ಶಂಕೆ ಮೂಡಿದರೆ ಕಂಪೆನಿಯು ಆಡಳಿತವನ್ನೇ ವಹಿಸಿಕೊಳ್ಳಬಹುದು. ಇದು ಒಪ್ಪಂದದ ಷರತ್ತು.

1809ರಲ್ಲಿ ಆ ಸೇನೆ ಬೆಂಗಳೂರಿಗೆ ಬಂದು ದಂಡು ಪ್ರದೇಶ ಬೆಳೆಯಿತು. ಬಿದನೂರು-ನಗರ ಸೀಮೆಯ ರೈತರ ದಂಗೆಯ ಬಳಿಕ, 1831ರಲ್ಲಿ, ಆ ಷರತ್ತು ಬಳಕೆಗೆ ಬಂತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಜನರೂ ಐವತ್ತು ವರ್ಷ ಕಮಿಷನರರ ಆಡಳಿತದಲ್ಲಿದ್ದರು. ರಾಜ್ಯ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ದಂಡು ಪ್ರದೇಶ ಮರಳಿದ್ದು 1947ರಲ್ಲಿ.

ಆ ಐವತ್ತು ವರ್ಷಗಳಲ್ಲಿ ರಸ್ತೆಗಳಾದವು. 1864ರಲ್ಲಿ ಮಾಲೂರಿನ ಮೂಲಕ ರೈಲೂ ಓಡಿತು. ಒಳಿತನ್ನು ಒಳಿತೆಂದೇ ಹೇಳೋಣ. ಆದರೆ ಮನೆ ದುರಸ್ತಿ ಮಾಡಿದವನು ಮನೆಯ ಯಜಮಾನನಾಗುವನೇ?

ಯತೀಮನ ಪೋಷಕನಿಗೆ ಪವಿತ್ರ ಕುರ್‌ಆನ್ (4:6) ವಿಧಿಸಿದ ಕಟ್ಟುಪಾಡನ್ನು ನೋಡಿರಿ. ಬಾಲಕನ ತಿಳಿವಳಿಕೆಯನ್ನು ಪರೀಕ್ಷಿಸುತ್ತಿರಬೇಕು. ಅವನು ಬೆಳೆದುಬಿಡುವನೆಂದು ಅವಸರದಿಂದ ಸೊತ್ತನ್ನು ತಿನ್ನಬಾರದು. ಪೋಷಕನು ಉಳ್ಳವನಾದರೆ ಅದನ್ನು ಮುಟ್ಟಬಾರದು. ಬಡವನಾದರೆ ನ್ಯಾಯವಾದಷ್ಟನ್ನೇ ಪಡೆಯಬೇಕು. ಮರಳಿಸುವಾಗ ಸಾಕ್ಷಿಗಳಿರಬೇಕು. ಮಗುವಿನ ಸೊತ್ತಿಗೇ ಇಷ್ಟು ಕಟ್ಟುನಿಟ್ಟಾದರೆ, ಪ್ರಾಯಕ್ಕೆ ಬಂದ ಜನರ ನಾಡಿಗೆ ಇನ್ನೆಷ್ಟಿರಬೇಕು!

ಆದ್ದರಿಂದ ಮೂರು ಪ್ರಶ್ನೆಗಳನ್ನು ಕೇಳಬೇಕು. ಆ ನಾಡಿನ ಜನರು ಕರೆದರೇ? ಖರ್ಚು ಯಾರದು, ಲೆಕ್ಕ ಯಾರ ಮುಂದೆ? ಹೊರಡುವ ದಿನ ಯಾವುದು? ಮೈಸೂರಿನ ಒಪ್ಪಂದದಲ್ಲಿ ಮೂರನೆಯದಕ್ಕೆ ಉತ್ತರವೇ ಇರಲಿಲ್ಲ.

ಹಾಗೆಂದು, ಕೆಡವಿದವನು ಕೈ ತೊಳೆದುಕೊಂಡು ಹೋಗುವಂತೆಯೂ ಇಲ್ಲ. 2001ರಲ್ಲಿ ಅಫ್ಘಾನಿಸ್ತಾನಕ್ಕೆ ಬಂದ ಅಮೆರಿಕದ ಸೇನೆ 2021ರ ಆಗಸ್ಟ್‌ನಲ್ಲಿ ಹೊರಟಿತು. ಅದರ ಆಸರೆಯಲ್ಲಿದ್ದ ಸರಕಾರ ಅದೇ ತಿಂಗಳು ಕುಸಿಯಿತು. ನಷ್ಟ ತುಂಬಿಕೊಡುವುದು ಕೆಡವಿದವನ ಹೊಣೆ. ಹಣ, ಔಷಧ, ಇಂಜಿನಿಯರರು ಬರಲಿ. ಬಂದೂಕು ಹಿಡಿದವರು ಮಾತ್ರ ಆ ಜನರು ಬೇಕೆಂದಷ್ಟೇ ದಿನ ಇರಲಿ.

ಓದುಗ ಬಾಂಧವರೇ, ತೀರಿಕೊಂಡ ಅಣ್ಣನ ಮಕ್ಕಳ ಜಮೀನನ್ನು 'ನೋಡಿಕೊಳ್ಳುತ್ತಿರುವ' ಚಿಕ್ಕಪ್ಪಂದಿರು ನಮ್ಮ ಊರುಗಳಲ್ಲೂ ಇದ್ದಾರೆ. ಲೆಕ್ಕ ಮತ್ತು ಮರಳಿಸುವ ದಿನದ ಪ್ರಶ್ನೆ ಅವರಿಗೂ ಇದೆ. ಕೊನೆಯ ಲೆಕ್ಕವಂತೂ ಅಲ್ಲಾಹನ ಮುಂದಿದೆ.