ಜಾಲದ ಹರಾಜಿನಲ್ಲಿ ಹಳೆಯ ವಾಹನ: ಕೊಳ್ಳುವವನಿಗೆ ಕಾನೂನಿನ ರಕ್ಷೆ

ಹುಬ್ಬಳ್ಳಿಯ ಅಮರಗೋಳದ ಕೃಷಿ ಮಾರುಕಟ್ಟೆಯ ಲಿಲಾವಿನಲ್ಲಿ ಮೆಣಸಿನಕಾಯಿಗೆ ದರ ನಮೂದಿಸುವ ವರ್ತಕನು ಮೊದಲು ಚೀಲದೊಳಗೆ ಕೈಯಿಟ್ಟು, ಕಾಯಿಯನ್ನು ಮುರಿದು, ಬಣ್ಣವನ್ನೂ ಒಣಗನ್ನೂ ಪರೀಕ್ಷಿಸುತ್ತಾನೆ. ಆದರೆ ಅದೇ ಹುಬ್ಬಳ್ಳಿಯ ಗೃಹಸ್ಥನೊಬ್ಬನು ಮೊಬೈಲಿನ ಪರದೆಯ ಮೇಲೆ ಕೆಲವು ಛಾಯಾಚಿತ್ರಗಳನ್ನು ಕಂಡು ಹಳೆಯ ಕಾರಿಗೆ ಲಕ್ಷಗಟ್ಟಲೆ ರೂಪಾಯಿಯ ಸವಾಲು ಹಾಕುವಾಗ, ಅವನ ಕೈಗೆ ಮಾಲೂ ಎಟುಕಿರುವುದಿಲ್ಲ, ಮಾರುವವನ ಮುಖವೂ ಕಂಡಿರುವುದಿಲ್ಲ. ಇಂತಹ ಕ್ರಯದಲ್ಲಿ ಅವನಿಗೆ ಆಧಾರವಾಗಿ ಉಳಿಯುವುದು ಸರ್ಕಾರದ ನೋಂದಣಿ ದಾಖಲೆ. ಏಕೆಂದರೆ ಮೋಟಾರು ವಾಹನವು ಇತರ ಚರಸ್ವತ್ತುಗಳಂತೆ ಸದ್ದಿಲ್ಲದೆ ಕೈಯಿಂದ ಕೈಗೆ ಸಾಗತಕ್ಕ ವಸ್ತುವಲ್ಲ, ಅದರ ಒಡೆತನವೂ ಅದರ ಮೇಲಿನ ಸಾಲವೂ ಅಲ್ಲಿ ಬರೆಯಲ್ಪಟ್ಟಿರುತ್ತವೆ. ಆದುದರಿಂದ ಮೊದಲು ದಾಖಲೆ, ಅನಂತರ ವಾಹನ, ಕಟ್ಟಕಡೆಗೆ ಹಣ ಎಂಬ ಕ್ರಮವನ್ನು ತಪ್ಪದೆ ಪಾಲಿಸುವವನು ಜಾಲದ ಹರಾಜಿಗೆ ಹೆದರಬೇಕಾದುದಿಲ್ಲ.

ಹರಾಜಿನ ಬಗೆಗಳು

ಜಾಲದಲ್ಲಿ ನಡೆಯುವ ಹರಾಜುಗಳೆಲ್ಲವೂ ಒಂದೇ ತೆರನಲ್ಲ. ಸರ್ಕಾರವು ತಾನೇ ಅಥವಾ ತನ್ನ ಪರವಾಗಿ ಇನ್ನೊಬ್ಬರ ಮೂಲಕ ನಡೆಸುವ ಬಹಿರಂಗ ಹರಾಜಿನಲ್ಲಿ ಕೊಂಡ ವಾಹನಕ್ಕೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 57ನೆಯ ನಿಯಮವು ಪ್ರತ್ಯೇಕ ಮಾರ್ಗವನ್ನು ವಿಧಿಸಿದೆ: ವಾಹನವು ಸ್ವಾಧೀನಕ್ಕೆ ಬಂದ 30 ದಿನಗಳೊಳಗೆ ನಮೂನೆ 32ರಲ್ಲಿ ಅರ್ಜಿ ಸಲ್ಲಿಸಿ, ವಿಕ್ರಯವನ್ನು ಸ್ಥಿರಪಡಿಸಿದ ಪ್ರಮಾಣಪತ್ರವನ್ನೂ ಹರಾಜಿಗೆ ಅಪ್ಪಣೆಯಿತ್ತ ಆದೇಶದ ದೃಢೀಕೃತ ಪ್ರತಿಯನ್ನೂ ಲಗತ್ತಿಸತಕ್ಕದ್ದು. ಆದರೆ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯು 2023ರ ಏಪ್ರಿಲ್ 1ರಿಂದ ನವೀಕರಣಗೊಳ್ಳುವುದಿಲ್ಲವಾದ್ದರಿಂದ, ಇಲಾಖೆಯ ಹಳೆಯ ಜೀಪನ್ನು ಅಗ್ಗದ ಬೆಲೆಗೆ ಕೊಂಡು ರಸ್ತೆಗಿಳಿಸುವ ಆಸೆ ಈಗ ಫಲಿಸದು. ಅದು ಗುಜರಿಗೆ ಸಲ್ಲತಕ್ಕ ಮಾಲು.

ಕಂತು ನಿಂತುಹೋದ ಕಾರಣ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಜಪ್ತಿ ಮಾಡಿ ಮಾರುವ ವಾಹನಗಳದು ಎರಡನೆಯ ಬಗೆ. ಇಲ್ಲಿ ಗಾಡಿಯು ಕಂಪನಿಯ ಅಂಗಳದಲ್ಲಿದ್ದರೂ ನೋಂದಣಿ ಪ್ರಮಾಣಪತ್ರವು (ಆರ್.ಸಿ.) ಸಾಲಗಾರನ ಹೆಸರಿನಲ್ಲಿಯೇ ಉಳಿದಿರುವುದುಂಟು. ಅಂತಹ ಸಂದರ್ಭಕ್ಕೆಂದೇ 1988ರ ಮೋಟಾರು ವಾಹನ ಕಾಯ್ದೆಯ 51ನೆಯ ಕಲಂ, ಸಾಲ ಕೊಟ್ಟವರು ನಮೂನೆ 36ರ ಮೂಲಕ ತಮ್ಮ ಹೆಸರಿಗೆ ಹೊಸ ಆರ್.ಸಿ. ಪಡೆಯಲು ಅವಕಾಶವಿತ್ತಿದೆ. ಆ ಕಾರ್ಯವು ಮುಗಿದಿದೆಯೆ, ಮುಗಿಯದಿದ್ದಲ್ಲಿ ಯಾರು ಎಷ್ಟು ದಿನಗಳಲ್ಲಿ ಅದನ್ನು ಪೂರೈಸುವರು ಎಂಬುದಕ್ಕೆ ಸವಾಲು ಹಾಕುವ ಮುನ್ನವೇ ಲಿಖಿತ ಉತ್ತರವನ್ನು ಪಡೆಯಬೇಕು.

ಮೂರನೆಯ ಬಗೆಯಲ್ಲಿ ಮಾರುವವರು ವ್ಯಾಪಾರಿಗಳು ಅಥವಾ ಖಾಸಗಿ ವ್ಯಕ್ತಿಗಳು. ನೋಂದಾಯಿತ ವಾಹನಗಳ ವ್ಯಾಪಾರಿಯು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರವನ್ನು ಪಡೆಯಬೇಕೆಂಬ ನಿಯಮವು 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವುದರಿಂದ, ಆ ಪತ್ರವನ್ನು ತೋರಿಸೆಂದು ಕೇಳುವುದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ಸವಾಲು ಮತ್ತು ಷರತ್ತು

1930ರ ಸರಕು ಮಾರಾಟ ಕಾಯ್ದೆಯ 64ನೆಯ ಕಲಮಿನ ಪ್ರಕಾರ ಹರಾಜು ಮುಗಿಯಿತೆಂದು ಘೋಷಿತವಾಗುವವರೆಗೆ ಸವಾಲನ್ನು ಹಿಂದೆಗೆದುಕೊಳ್ಳಬಹುದು. ಮಾರುವವನು ಬೆಲೆಯೇರಿಸುವ ಉದ್ದೇಶದಿಂದ ಹುಸಿ ಸವಾಲುಗಳನ್ನು ಹಾಕಿಸಿದ್ದರೆ ಆ ವಿಕ್ರಯವನ್ನು ರದ್ದುಪಡಿಸುವ ಹಕ್ಕು ಕೊಂಡವನಿಗುಂಟು. ಆದರೆ ಅತ್ಯಧಿಕ ಸವಾಲಿನ ಮಾತ್ರದಿಂದಲೇ ವಾಹನ ತನ್ನದಾಯಿತೆಂದು ಭಾವಿಸಕೂಡದು; ಮಾರುವವನ ಅನುಮೋದನೆಗೆ ಒಳಪಟ್ಟದ್ದೆಂಬ ಷರತ್ತೂ, ಗೆದ್ದ ಮೇಲೆ ಹಿಂಜರಿದರೆ ಮುಂಗಡ ಠೇವಣಿಯು ಮುಟ್ಟುಗೋಲಾಗುವುದೆಂಬ ಷರತ್ತೂ ಇಂತಹ ಹರಾಜುಗಳಲ್ಲಿ ಸಾಮಾನ್ಯ. ವಾಹನವನ್ನು ಇದ್ದಲ್ಲಿ ಇದ್ದಂತೆಯೇ ಮಾರಲಾಗುವುದೆಂಬ ವಾಕ್ಯವಿದ್ದರೆ, ಕಣ್ಣಿಗೆ ಕಾಣತಕ್ಕ ದೋಷಗಳ ಹೊಣೆ ಕೊಂಡವನದೇ. ಹಾಗೆಂದು ಆ ವಾಕ್ಯವು ವಂಚನೆಗೆ ಕವಚವಾಗದು. ತಿಳಿದೂ ಸತ್ಯವನ್ನು ಮರೆಮಾಚಿದಲ್ಲಿ 1872ರ ಕರಾರು ಕಾಯ್ದೆಯ 17 ಮತ್ತು 19ನೆಯ ಕಲಮುಗಳು ಕೊಂಡವನ ಸಹಾಯಕ್ಕೆ ಬರುತ್ತವೆ.

ದಾಖಲೆಯ ಪರಿಶೀಲನೆ

ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆಯನ್ನು ಕೊಟ್ಟು ನೋಡಿದರೆ ವಾಹನದ ನೋಂದಣಿಯ ದಿನಾಂಕ, ವಿಮೆಯ ಅವಧಿ, ಸಾಲದ ನಮೂದು ಮೊದಲಾದುವು ತಿಳಿಯುತ್ತವೆ. ಸಾಲ ತೀರಿದೆಯೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು; ಸಾಲ ಕೊಟ್ಟವರು ಸಹಿ ಮಾಡಿದ ನಮೂನೆ 35 ಸಲ್ಲಿಕೆಯಾಗಿ ದಾಖಲೆಯಿಂದ ಸಾಲದ ನಮೂದು ಅಳಿಯಬೇಕು. ಗೋವಾ ಅಥವಾ ಮಹಾರಾಷ್ಟ್ರದ ನೋಂದಣಿಯಿದ್ದರೆ ಅಲ್ಲಿಯ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರವು ಅವಶ್ಯಕ. ಇಲ್ಲಿ ತೆರಬೇಕಾದ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ಸವಾಲು ಹಾಕಿದವನಿಗೆ ಅಗ್ಗದ ಗಾಡಿಯೂ ತುಟ್ಟಿಯಾಗುತ್ತದೆ. ಖಾಸಗಿ ಕಾರು-ಬೈಕುಗಳ ನೋಂದಣಿಯು 15 ವರ್ಷದ ಬಳಿಕ ನವೀಕರಣವನ್ನು ಅಪೇಕ್ಷಿಸುವುದರಿಂದ ವಾಹನದ ವಯಸ್ಸನ್ನೂ ಎಣಿಸಬೇಕು. ಕೊನೆಗೆ, ಮೆಕ್ಯಾನಿಕನೊಬ್ಬನನ್ನು ಜೊತೆಗೊಯ್ದು ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್.ಸಿ.ಯೊಡನೆ ಅಕ್ಷರಶಃ ತಾಳೆ ನೋಡತಕ್ಕದ್ದು. ಮಾರುವವನಿಗೇ ಇಲ್ಲದ ಹಕ್ಕು ಕೊಳ್ಳುವವನಿಗೆ ಬಾರದೆಂಬುದು ಸರಕು ಮಾರಾಟ ಕಾಯ್ದೆಯ 27ನೆಯ ಕಲಮಿನ ಸಾಮಾನ್ಯ ತತ್ತ್ವವಾದುದರಿಂದ, ಕಳವಿನ ಗಾಡಿಗೆ ಎಷ್ಟು ಹಣ ತೆತ್ತರೂ ಅದು ನಿಜವಾದ ಒಡೆಯನಿಗೇ ಹಿಂದಿರುಗುತ್ತದೆ.

ಹೆಸರಿನ ವರ್ಗಾವಣೆ

ಹಣವೂ ಕೀಲಿಯೂ ಕೈ ಬದಲಾದ ಮಾತ್ರಕ್ಕೆ ವ್ಯವಹಾರವು ಮುಗಿಯಲಿಲ್ಲ. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ನಮೂನೆ 29ರಲ್ಲಿ ತಿಳಿಸಬೇಕು. ಕೊಂಡವನು 30 ದಿನಗಳೊಳಗೆ ನಮೂನೆ 30ರಲ್ಲಿ ವರ್ಗಾವಣೆಯನ್ನು ಕೋರಬೇಕು. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರುವರಿ 6ರಂದು ನವೀನ್ ಕುಮಾರ್ ಪ್ರಕರಣದಲ್ಲಿ, ಕಾರು ಹಲವರ ಕೈ ದಾಟಿ ಹೋಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಅಪಘಾತದ ಪರಿಹಾರಕ್ಕೆ ಹೊಣೆಗಾರನೆಂದು ತೀರ್ಪಿತ್ತಿತು. ಆದುದರಿಂದ ವರ್ಗಾವಣೆಯಲ್ಲಿ ಮಾರುವವನ ಹಿತವೂ ಅಡಗಿದೆ. 157ನೆಯ ಕಲಮಿನಡಿ ವಿಮೆಯ ಹೆಸರು ಬದಲಾವಣೆಗೆ ಕೊಂಡವನು 14 ದಿನಗಳೊಳಗೆ ಅರ್ಜಿ ಕೊಡಬೇಕು; ಮೂರನೆಯವರ ಹಾನಿಯ ವಿಮೆಯು ತಾನಾಗಿ ಮುಂದುವರಿಯುವುದಾದರೂ, ತನ್ನ ವಾಹನಕ್ಕಾದ ನಷ್ಟವನ್ನು ವಿಮಾ ಕಂಪನಿಯಿಂದ ಪಡೆಯಲು ಪಾಲಿಸಿಯು ತನ್ನ ಹೆಸರಿಗೆ ಬಂದಿರಬೇಕು.

ಮೋಸವಾದಲ್ಲಿ

ಸೈನಿಕನೆಂದು ಹೇಳಿಕೊಂಡು, ವರ್ಗವಾಗಿರುವುದರಿಂದ ಗಾಡಿಯನ್ನು ಪಾರ್ಸೆಲ್ ಮಾಡುವೆನೆಂದು ಮುಂಗಡ ಬೇಡುವುದು ಇಂದಿನ ವಂಚಕರ ಪರಿಚಿತ ರೀತಿ. ವಾಹನವನ್ನು ಕಾಣದೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ಯುಪಿಐ ಪಿನ್ ಒತ್ತುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ. ಹಣ ಹೋದುದು ತಿಳಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ, ಪೊಲೀಸರಲ್ಲಿ ದೂರು ದಾಖಲಿಸಬೇಕು. ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಂ ವಂಚನೆಗೂ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಡಿ ಕಲಂ ಗಣಕದ ಮೂಲಕ ವೇಷ ಮರೆಸಿ ಮಾಡುವ ಮೋಸಕ್ಕೂ ಅನ್ವಯಿಸುತ್ತವೆ.

ವ್ಯಾಪಾರಿಯಿಂದಲೋ ಜಾಲತಾಣದ ಸೇವೆಯಿಂದಲೋ ಅನ್ಯಾಯವಾಗಿದ್ದರೆ, ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. 2020ರ ಇ-ವಾಣಿಜ್ಯ ನಿಯಮಗಳಂತೆ ಅವನು 48 ಗಂಟೆಗಳೊಳಗೆ ದೂರು ತಲುಪಿದುದನ್ನು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಅದು ಫಲಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಮಾರಿದವನು ಯಾವ ಊರಿನವನಾದರೂ, ಕೊಂಡವನು ತನ್ನ ವಾಸಸ್ಥಳದ ನ್ಯಾಯವ್ಯಾಪ್ತಿಯುಳ್ಳ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು. ತೆತ್ತ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲೆಂದು ಆಟೋ ಕೊಂಡವನೂ ಗ್ರಾಹಕನೇ. ತನ್ನ ಗಾಡಿಯನ್ನು ಒಮ್ಮೆ ಮಾರುವ ಖಾಸಗಿ ವ್ಯಕ್ತಿಯ ವಿರುದ್ಧ ಮಾತ್ರ ಸಿವಿಲ್ ನ್ಯಾಯಾಲಯವೇ ಗತಿ.

ಯಾವ ಮಾರ್ಗವನ್ನು ಹಿಡಿದರೂ ಸಾಕ್ಷ್ಯವಿಲ್ಲದೆ ಹಕ್ಕು ಸಿದ್ಧಿಸದು. ಜಾಹೀರಾತಿನ ಪುಟ, ಸವಾಲಿನ ವಿವರ, ಸಂದೇಶಗಳು, ಪಾವತಿಯ ರಸೀದಿ ಇವೆಲ್ಲವನ್ನೂ ಅವು ಅಳಿಸಿಹೋಗುವ ಮೊದಲೇ ಸಂಗ್ರಹಿಸಿಡಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂತಹ ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರವನ್ನೂ ಹಾಜರುಪಡಿಸಬೇಕಾಗುವುದರಿಂದ, ವ್ಯಾಜ್ಯವು ಇತ್ಯರ್ಥವಾಗುವವರೆಗೆ ಆ ಮೊಬೈಲನ್ನು ಮಾರುವುದಾಗಲಿ ಅದರಲ್ಲಿರುವುದನ್ನು ಅಳಿಸುವುದಾಗಲಿ ಸಲ್ಲದು.