ಪರಿಚಾರಕನ ನಾಲ್ಕು ಗುಣಗಳು

ಚಿಕಿತ್ಸೆಗೆ ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಹೇಳುತ್ತದೆ. ಪರಿಚಾರಕನಲ್ಲಿ ಇರಬೇಕಾದ ಗುಣಗಳೂ ಅಲ್ಲಿ ನಾಲ್ಕೇ: ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ. ಈ ಪ್ರಕರಣವನ್ನು ನಾನು ಸಂಸ್ಕೃತದ ತರಗತಿಯಲ್ಲಿ ಹಲವು ವರ್ಷ ಪಾಠ ಹೇಳಿದ್ದೇನೆ. ಅದರ ತಾತ್ಪರ್ಯವು ನನಗೆ ಗೋಚರಿಸಿದ್ದು ಮಾತ್ರ ವಿದ್ಯಾರ್ಥಿನಿಲಯದ ಪಡಸಾಲೆಯಲ್ಲಿ.

ಪಿಯುಸಿ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನಿಗೆ ಶುಶ್ರೂಷಾ ವಿದ್ಯೆಯನ್ನು ಕಲಿಯಬೇಕೆಂಬ ಹಂಬಲ. ಭಾನುವಾರಗಳಲ್ಲಿ ಸಮೀಪದ ಆಸ್ಪತ್ರೆಗೆ ಹೋಗಿ, ಗಾಯ ಕಟ್ಟುವ ಕೊಠಡಿಯಲ್ಲಿ ತಟ್ಟೆ ತೊಳೆಯುತ್ತ, ಬಟ್ಟೆಯ ಪಟ್ಟಿಗಳನ್ನು ಸುತ್ತಿಡುತ್ತ, ಬಲ್ಲವರ ಕೈಗಳನ್ನು ನೋಡುತ್ತಿದ್ದನು. ಪ್ರಥಮ ಚಿಕಿತ್ಸೆಯ ಶಿಕ್ಷಣವನ್ನೂ ಕ್ರಮವಾಗಿ ಪಡೆದಿದ್ದನು. ಕಲಿತದ್ದನ್ನು ಶನಿವಾರ ಸಂಜೆ ಸಹಪಾಠಿಗಳಿಗೆ ಹೇಳಿಕೊಡಲು ಅನುಮತಿ ಬೇಡಿದಾಗ, ಹುಡುಗಾಟಿಕೆಯಾದೀತೆಂಬ ಶಂಕೆಯಿಂದ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆನು. ವೈದ್ಯರಲ್ಲದವರಿಗೆ ಈ ವಿದ್ಯೆಯನ್ನು ಕಲಿಸುವ ತರಗತಿಗಳು ಇಂಗ್ಲೆಂಡಿನ ವೂಲ್ವಿಚ್‌ನಲ್ಲಿ 1878ರಲ್ಲಿ ನಡೆದುವೆಂದು ಓದಿದ್ದೆನೇ ಹೊರತು ಅಂತಹ ಪಾಠವನ್ನು ಕಂಡವನಲ್ಲ.

ಮೂಗಿನಲ್ಲಿ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಬಾಗಿಸುವುದು ನಮ್ಮೆಲ್ಲರ ರೂಢಿ. ಹಾಗೆ ಮಾಡಿದರೆ ರಕ್ತವು ಗಂಟಲಿಗಿಳಿಯುತ್ತದೆ. ಮುಂದಕ್ಕೆ ಬಾಗಿ ಮೂಗಿನ ಮೆದುಭಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯಬೇಕು ಎಂದನು. ಸುಟ್ಟ ಕೈಗೆ ಶಾಯಿ, ಹಲ್ಲಿನ ಪೇಸ್ಟು ಬಳಿಯಕೂಡದು. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಅಡುಗೆಮನೆಯ ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಬಳಿಕ ಹಾವಿನ ಕಡಿತದ ಪ್ರಸ್ತಾಪ ಬಂದಿತು. ಕಡಿದ ಜಾಗದ ಮೇಲೆ ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು ಎಂದು ಅವನು ಹೇಳಿದೊಡನೆ ನಾನು ತಡೆದೆನು. ಬಂಧನ, ಛೇದನ, ಚೂಷಣಗಳು ಚರಕನೇ ವಿಷಚಿಕಿತ್ಸೆಯಲ್ಲಿ ಎಣಿಸಿರುವ ಉಪಕ್ರಮಗಳು. ಅವನ್ನು ನಾನೇ ಈ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆನು. ಹುಡುಗನು ವಿಚಲಿತನಾಗಲಿಲ್ಲ. ‘ಗುರುಗಳೇ, ಬಿಗಿದರೆ ರಕ್ತಸಂಚಾರ ನಿಂತು ಅಂಗವೇ ಕೆಡಬಹುದು, ಥಟ್ಟನೆ ಬಿಚ್ಚಿದರೆ ವಿಷವು ಒಮ್ಮೆಗೇ ಏರಬಹುದು. ಮೊದಲೇ ಯಾರಾದರೂ ಕಟ್ಟಿದ್ದರೆ ವೈದ್ಯರ ಎದುರಿನಲ್ಲೇ ಬಿಚ್ಚಿಸಬೇಕು’ ಎಂದನು. ಉಂಗುರ, ಬಳೆ, ಕಾಲ್ಗಡಗಗಳನ್ನು ತೆಗೆದು, ಮುರಿದ ಮೂಳೆಗೆ ಮಾಡುವಂತೆ ಅಂಗಕ್ಕೆ ಹಲಗೆ ಕಟ್ಟಿ, ನಡೆಯಗೊಡದೆ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕಂತೆ. ನಮ್ಮ ದೇಶದ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಆದ್ದರಿಂದ ಹಾವನ್ನು ಹಿಡಿದು ತರುವ ಸಾಹಸವೂ ಬೇಡ.

ನನಗೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಶಾಸ್ತ್ರಗ್ರಂಥದ ಮೇಲಿನ ಗೌರವವು ಬೇರೆ, ಅದರ ಪ್ರತಿಯೊಂದು ವಿಧಿಯನ್ನೂ ಎಳೆಯರ ಕೈಗೆ ಕೊಡುವುದು ಬೇರೆ. ಹೊಲಗದ್ದೆಗಳ ನಡುವಿನಿಂದ ಬಂದ ಈ ಮಕ್ಕಳಲ್ಲಿ ಯಾರಾದರೂ ನನ್ನ ಪಾಠವನ್ನು ನಂಬಿ ತಂದೆಯ ಕಾಲಿಗೆ ಹಗ್ಗ ಬಿಗಿದಿದ್ದರೆ? ಸೋಮವಾರದ ತರಗತಿಯಲ್ಲಿ ಆ ಭಾಗವನ್ನು ಮತ್ತೆ ತೆರೆದು, ಇದು ಪ್ರಾಚೀನರ ಮತ, ಇಂದು ಆಚರಿಸತಕ್ಕದ್ದಲ್ಲವೆಂದು ಹೇಳಿದೆನು. ಹೇಳುವುದು ಸುಲಭವಾಗಿರಲಿಲ್ಲ.

ಆ ಹುಡುಗನ ಇನ್ನೊಂದು ನಡತೆಯೂ ನನಗೆ ಮೆಚ್ಚುಗೆಯಾಯಿತು. ಎದೆನೋವಿಗೆ ಯಾವ ಗುಳಿಗೆ ಕೊಡಬೇಕೆಂದು ಕಿರಿಯನೊಬ್ಬನು ಕೇಳಿದಾಗ, ‘ಅದನ್ನು ಹೇಳಲು ನಾನು ಅರ್ಹನಲ್ಲ, 108ಕ್ಕೆ ಕರೆ ಮಾಡು, ರೋಗಿಯನ್ನು ಕೂರಿಸು, ಒಂಟಿಯಾಗಿ ಬಿಡಬೇಡ’ ಎಂದನು. ಉಪಚಾರದ ಅರಿವೆಂದರೆ ಅದರ ಎಲ್ಲೆಯ ಅರಿವೂ ಹೌದೆಂದು ನನ್ನ ವ್ಯಾಖ್ಯಾನದಲ್ಲಿ ನಾನು ಎಂದೂ ಸೇರಿಸಿರಲಿಲ್ಲ.

ಮುಂದಿನ ಶನಿವಾರ ಹಲಗೆ ಕಟ್ಟುವ ಅಭ್ಯಾಸಕ್ಕೆ ಒಂದು ಕಾಲು ಬೇಕಾಗಿತ್ತು. ನನ್ನದನ್ನೇ ಚಾಚಿದೆನು. ಹುಡುಗರು ನಕ್ಕರು. ಅವನು ಮಾತ್ರ ಕೈ ತೊಳೆದು ಬಂದು, ಮೊಣಕಾಲೂರಿ, ‘ಈಗ ಮುಟ್ಟುತ್ತೇನೆ ಗುರುಗಳೇ, ನೋವಾದರೆ ಹೇಳಿ’ ಎಂದನು.